ಗಡಿಗೆಯ ಬೇವಿಗೆ ಗೋಲಿ ಸೋಡಾ

ಉಗಾದಿ ಪಾಡ್ಯದ ದಿನ ಬೆಳಗಿನ ಹತ್ತು-ಹನ್ನೊಂದರ ಹೊತ್ತಿಗೆ ಕೊಪ್ಪಳ ಸೀಮೆಯ ಮನೆಗೆ ಕಾಲಿಟ್ಟವರ ಕೈಗೆ ಮೊದಲು ಬರುವುದು ಒಂದು ಲೋಟ ಬೇವು. ‘ಬರ್ರಿ, ಬೇವು ಕುಡದು ಹೋಗ್ರಿ’ ಎಂಬ ಕರೆ ಆ ದಿನ ಓಣಿಯ ಉದ್ದಕ್ಕೂ ಕೇಳಿಸುತ್ತಿರುತ್ತದೆ. ಮೈಸೂರು, ಬೆಂಗಳೂರು ಕಡೆಯಿಂದ ಬಂದ ಬೀಗರು ಈ ಮಾತಿಗೆ ಗಾಬರಿಯಾಗುವುದುಂಟು. ಅವರ ಕಡೆ ಬೇವು-ಬೆಲ್ಲ ಎಂದರೆ ಅಂಗೈಯಲ್ಲಿ ಹಿಡಿಯುವ ಒಂದು ಚಿಟಿಕೆ. ದೇವರಿಗೆ ಕೈಮುಗಿದು ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಇಲ್ಲಿ ಅದನ್ನು ಲೋಟಗಟ್ಟಲೆ ಕುಡಿಯಬೇಕು ಎಂದರೆ ಹೆದರದೆ ಇನ್ನೇನು? ಒಂದು ಗುಟುಕು ಒಳಗೆ ಹೋದ ಮೇಲೆ ಅವರೇ ಎರಡನೇ ಲೋಟಕ್ಕೆ ಕೈ ಚಾಚುತ್ತಾರೆ, ಅದು ಬೇರೆ ಮಾತು.

ಏಕೆಂದರೆ ಉತ್ತರ ಕರ್ನಾಟಕದ ಈ ಭಾಗದಲ್ಲಿ ಬೇವು ಎಂದರೆ ಹಣ್ಣಿನ ಪಾನಕ. ಬೇವಿನ ಹೂ ಅದರಲ್ಲಿ ಇದ್ದೇ ಇರುತ್ತದೆ, ಆದರೆ ಚಿಟಿಕೆಯಷ್ಟು. ಉಳಿದದ್ದೆಲ್ಲ ಹಬ್ಬದ ದೊಡ್ಡ ಸಂತೆ: ಹುಣಸೆ ರಸ, ಬೆಲ್ಲ, ಪುಟಾಣಿ ಹಿಟ್ಟು, ತುರಿದ ಮಾವಿನಕಾಯಿ, ಒಣಕೊಬ್ಬರಿ, ಗಸಗಸೆ, ಏಲಕ್ಕಿ, ಗೋಡಂಬಿ, ಬಾದಾಮಿ, ಒಣದ್ರಾಕ್ಷಿ, ಸಣ್ಣಗೆ ಹೆಚ್ಚಿದ ಉತ್ತತ್ತಿ. ಅದರ ಮೇಲೆ ಬಾಳೆಹಣ್ಣು, ದ್ರಾಕ್ಷಿ, ದಾಳಿಂಬೆ ಕಾಳು, ಸೇಬು, ಕರಬೂಜ, ಹೀಗೆ ಆ ವರ್ಷ ಪೇಟೆಯಲ್ಲಿ ಸಿಕ್ಕದ್ದು, ಮನೆಯವರಿಗೆ ಕೈಗೆಟುಕಿದ್ದು. ಹೊಸ ಮಣ್ಣಿನ ಗಡಿಗೆ ತಂದು, ತೊಳೆದು, ಅದರಲ್ಲಿ ಕದಡಿ ಇಟ್ಟರೆ ಮಧ್ಯಾಹ್ನದ ಹೊತ್ತಿಗೆ ಫ್ರಿಜ್ಜಿನ ಹಂಗಿಲ್ಲದೆ ತಣ್ಣಗಾಗಿರುತ್ತದೆ. ಮನೆಯಿಂದ ಮನೆಗೆ ಅಳತೆ ಬೇರೆ, ಹದ ಬೇರೆ. ಒಬ್ಬರ ಮನೆಯದು ಗಂಜಿಯಷ್ಟು ಗಟ್ಟಿ, ಇನ್ನೊಬ್ಬರದು ನೀರಿನಷ್ಟು ತೆಳು. ತಂಬಿಗೆಯಲ್ಲಿ ತುಂಬಿ ನೆರೆಮನೆಗೆ ಕಳಿಸಿದಾಗ ಯಾರ ಬೇವು ಹೇಗಾಗಿದೆ ಎಂಬ ವಿಮರ್ಶೆ ಹೋಳಿಗೆ ಊಟ ಮುಗಿಯುವವರೆಗೂ ನಡೆಯುತ್ತದೆ. ಹುಲಿಗಿ, ಆನೆಗೊಂದಿ ಕಡೆಗೆ ತುಂಗಭದ್ರೆಯಲ್ಲಿ ಸ್ನಾನಕ್ಕೆ ಹೋಗುವವರು ಬುತ್ತಿಯ ಜೊತೆಗೆ ಬೇವನ್ನೂ ಕ್ಯಾನಿನಲ್ಲಿ ಒಯ್ಯುತ್ತಾರೆ.

ಈಗ ಪೇಟೆಯ ಹೋಟೆಲುಗಳಲ್ಲಿ ಹಬ್ಬಕ್ಕೊಂದು ‘ಬ್ರಂಚ್’, ಅದಕ್ಕೊಂದು ಬಣ್ಣದ, ಗುಳ್ಳೆಯೇಳುವ ಹಣ್ಣಿನ ಪಾನೀಯ ಬಂದಿದೆ. ಬೆಳಗಿನ ಉಪಾಹಾರವನ್ನೂ ಮಧ್ಯಾಹ್ನದ ಊಟವನ್ನೂ ಒಂದೇ ಕೂತಿಗೆ ಮುಗಿಸುವ ಈ ಪದ್ಧತಿಯ ಪರವಾಗಿ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಲೇಖಕ 1895ರಲ್ಲಿ ಬರೆದಿದ್ದ. ಅದರ ಜೊತೆಗೆ ಪಾಶ್ಚಾತ್ಯರು ಕುಡಿಯುವ ಮಿಮೋಸಾ ಎಂದರೆ ಕಿತ್ತಳೆ ರಸಕ್ಕೆ ಶಾಂಪೇನ್ ಸೇರಿಸಿದ್ದು. ವೆನಿಸ್ ನಗರದ ಹ್ಯಾರಿಸ್ ಬಾರಿನ ಜುಸೆಪ್ಪೆ ಚಿಪ್ರಿಯಾನಿ ರೂಪಿಸಿದ ಬೆಲ್ಲಿನಿ ಎಂದರೆ ಬಿಳಿ ಪೀಚ್ ಹಣ್ಣಿನ ತಿರುಳಿಗೆ ನೊರೆಯೇಳುವ ವೈನ್ ಬೆರೆಸಿದ್ದು. ಮದ್ಯವನ್ನು ಪಕ್ಕಕ್ಕಿಟ್ಟು ನೋಡಿದರೆ ಸೂತ್ರ ಸರಳ: ಹುಳಿ-ಸಿಹಿ ಹಣ್ಣಿನ ರಸ ಕೆಳಗೆ, ಗುಳ್ಳೆ ಮೇಲೆ. ಉಪಾಹಾರ ದಾಟಿ, ಊಟ ಇನ್ನೂ ಆಗದ ಹೊತ್ತಿಗೆ ಹುಳಿ-ಸಿಹಿ ಹಣ್ಣಿನ ಪಾನಕ ಕೊಡುವುದನ್ನು ನಮ್ಮ ಓಣಿಗಳಿಗೆ ಯಾರೂ ಕಲಿಸಬೇಕಿಲ್ಲ. ಬೇವಿನಲ್ಲಿ ಇಲ್ಲದ್ದು ಗುಳ್ಳೆಯೊಂದೇ. ಅದನ್ನೂ ಸೇರಿಸಬಹುದು, ಸೇರಿಸುವ ಹದ ತಿಳಿದಿರಬೇಕು ಅಷ್ಟೆ.

ಮೊದಲು ಹಣ್ಣಿನ ಮಾತು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದಾಗ ಕೊಪ್ಪಳಕ್ಕೆ ಬಂದದ್ದು ನಾಲ್ಕು ತಾಲೂಕು. ಅವುಗಳ ನಡುವೆ ನೀರಿನ ವಿಷಯದಲ್ಲಿ ಅಜಗಜಾಂತರ. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ ಭತ್ತದ ಸೀಮೆ. ಹೊರಗಿನವರು ಕೊಪ್ಪಳ ಎಂದರೆ ಆ ಹಸಿರನ್ನೇ ನೆನೆಯುತ್ತಾರೆ. ಕುಷ್ಟಗಿ, ಯಲಬುರ್ಗಾ ಬಹುಪಾಲು ಮಳೆಯನ್ನೇ ನಂಬಿದ ನೆಲ. ಅಲ್ಲಿ ಕೊಳವೆಬಾವಿಯ ಬೆರಳಿನಷ್ಟು ನೀರನ್ನು ಹನಿ ನೀರಾವರಿ ಪೈಪಿನಲ್ಲಿ ಎಣಿಸಿ ಬಿಟ್ಟು ತೋಟ ಮಾಡಿದವರು ದಾಳಿಂಬೆಯನ್ನು ನೆಚ್ಚಿಕೊಂಡರು. ಬಿಸಿಲು ತಡೆಯುವ, ಒಣ ಹವೆಯನ್ನು ಇಷ್ಟಪಡುವ ಗಿಡ ಅದು. ನೀರು ನಿಂತರೆ ಬೇರು ಕೊಳೆಯುತ್ತದೆ, ಹವೆಯಲ್ಲಿ ತೇವ ಹೆಚ್ಚಿದರೆ ರೋಗ.

ಆ ರೋಗ ಬಂದದ್ದು ಇಲ್ಲಿನ ರೈತರಿಗೆ ಮರೆಯುವಂಥದ್ದಲ್ಲ. ದುಂಡಾಣು ಅಂಗಮಾರಿ ಎಂದು ಕೃಷಿ ಇಲಾಖೆಯ ಹಾಳೆಗಳಲ್ಲಿ ಬರೆಯುತ್ತಾರೆ. ಎಲೆಯ ಮೇಲೆ ಎಣ್ಣೆ ಹನಿಸಿದಂತೆ ಚುಕ್ಕೆ ಕಾಣುತ್ತದೆ, ಕಾಂಡ ಸೀಳುತ್ತದೆ, ಕಾಯಿಯ ಮೇಲೆ ಕಪ್ಪು ಮಚ್ಚೆ ಎದ್ದು ಅದು ಇಂಗ್ಲಿಷಿನ ಎಲ್ ಅಥವಾ ವೈ ಅಕ್ಷರದ ಹಾಗೆ ಬಿರಿಯುತ್ತದೆ. ಗಾಳಿ-ಮಳೆಯ ಹನಿಯಲ್ಲಿ, ಕತ್ತರಿಯ ಅಲಗಿನಲ್ಲಿ, ಸೋಂಕು ತಗುಲಿದ ಸಸಿಯಲ್ಲಿ ತೋಟದಿಂದ ತೋಟಕ್ಕೆ ಹೋಗುತ್ತದೆ. ಎರಡು ಸಾವಿರದ ಇಸವಿಯ ಮೊದಲ ದಶಕದ ಕೊನೆಯ ವರ್ಷಗಳಲ್ಲಿ ವಿಜಯಪುರ, ಬಾಗಲಕೋಟೆ, ಕೊಪ್ಪಳದ ದಾಳಿಂಬೆ ತೋಟಗಳನ್ನು ಅದು ಹೊಡೆದುಹಾಕಿತು. ಫಲ ಕೊಡುವ ಗಿಡಗಳನ್ನು ಬೇರುಸಹಿತ ಕಿತ್ತು ಸುಟ್ಟವರಿದ್ದಾರೆ. ಬ್ಯಾಂಕಿನ ಸಾಲ ಮಾತ್ರ ಸುಡಲಿಲ್ಲ. ಅಷ್ಟಾದರೂ ದಾಳಿಂಬೆ ಈ ನೆಲ ಬಿಟ್ಟು ಹೋಗಲಿಲ್ಲ. ಮಹಾರಾಷ್ಟ್ರದ ರಾಹುರಿ ಕೃಷಿ ವಿಶ್ವವಿದ್ಯಾಲಯ 2003-04ರ ಸುಮಾರಿಗೆ ಬಿಡುಗಡೆ ಮಾಡಿದ ಭಗ್ವಾ ತಳಿಯೇ ಈಗ ಎಲ್ಲೆಡೆ ಕಾಣುವುದು. ನುಣುಪಾದ ಕೇಸರಿ-ಕೆಂಪು ಸಿಪ್ಪೆ, ರಕ್ತಗೆಂಪು ಕಾಳು, ಮೆತ್ತನೆಯ ಬೀಜ. ಸಂಶೋಧನೆಗೆಂದೇ ಸೊಲ್ಲಾಪುರದಲ್ಲಿ 2005ರಲ್ಲಿ ರಾಷ್ಟ್ರೀಯ ದಾಳಿಂಬೆ ಕೇಂದ್ರ ಶುರುವಾಯಿತು.

ನಮ್ಮ ಹಬ್ಬಕ್ಕೆ ಮುಖ್ಯವಾದದ್ದು ಬೇರೊಂದು ಸಂಗತಿ. ದಾಳಿಂಬೆ ಗಿಡಕ್ಕೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಮತ್ತೆ ನೀರು-ಗೊಬ್ಬರ ಕೊಟ್ಟು ಬೇಕಾದ ಕಾಲಕ್ಕೆ ಹೂ ಬಿಡಿಸಬಹುದು. ರೈತರು ಇದನ್ನು ಬಹಾರ್ ಹಿಡಿಯುವುದು ಎನ್ನುತ್ತಾರೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹೂ ಹಿಡಿಯುವ ಹಸ್ತ ಬಹಾರಿನ ಹಣ್ಣು ಫೆಬ್ರವರಿಯಿಂದ ಏಪ್ರಿಲ್ ನಡುವೆ ಕೈಗೆ ಬರುತ್ತದೆ. ಅಂದರೆ ಸರಿಯಾಗಿ ಉಗಾದಿಯ ಹೊತ್ತಿಗೆ. ದ್ರಾಕ್ಷಿಯದೂ ಅದೇ ಕಾಲ. ಮಾವು ಆಗ ಇನ್ನೂ ಕಾಯಿ. ಹುಳಿಗೆ ಅದೇ ಬೇಕು. ಆನೆಗೊಂದಿ ಕಡೆಯ ಸುಗಂಧಿ ಬಾಳೆ ವರ್ಷವಿಡೀ ಇದೆ. ಅದರ ಗಿಡದ ನಾರಿನಿಂದ ಬುಟ್ಟಿ, ಚೀಲ ಹೆಣೆಯುವುದನ್ನು ಅಲ್ಲಿಯ ಕಿಷ್ಕಿಂಧಾ ಟ್ರಸ್ಟ್ ಹೆಣ್ಣುಮಕ್ಕಳಿಗೆ ಕಲಿಸಿ ಎಷ್ಟೋ ವರ್ಷವಾಯಿತು. ಬೇವಿನ ಗಿಡವೂ ಮಾರ್ಚ್-ಏಪ್ರಿಲಿನಲ್ಲೇ ಹೂ ಬಿಡುತ್ತದೆ. ಹೀಗೆ ಎಲ್ಲವೂ ಒಂದೇ ತಿಂಗಳಿಗೆ ಕೂಡಿಬರುವಾಗ ಬೀಗರು ಬಂದರೆಂದು ಎರಡು ಲೀಟರಿನ ಕಂದು ಬಣ್ಣದ ಕೋಲಾ ಬಾಟಲಿ ತರಿಸುವುದು ನನಗೆ ಒಗಟಾಗಿಯೇ ಉಳಿದಿದೆ.

    

ಇನ್ನು ಗುಳ್ಳೆ. ಹಣ್ಣಿನ ರಸಕ್ಕೆ ಗುಳ್ಳೆ ಸೇರಿಸಲು ಜಿಲ್ಲೆಯ ಜಾತ್ರೆಗಳಿಗೆ ಯಾವತ್ತೂ ಗೊತ್ತಿದ್ದ ಸಾಧನ ಗೋಲಿ ಸೋಡಾ. ಬಾಟಲಿಯ ಹುಟ್ಟೂರು ಇಂಗ್ಲೆಂಡ್. ಹೈರಮ್ ಕಾಡ್ ಎಂಬ ಎಂಜಿನಿಯರ್ 1872ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಜಾಣತನ ಇರುವುದು ಮುಚ್ಚಳವೇ ಇಲ್ಲದಿರುವಲ್ಲಿ. ಕತ್ತಿನ ಒಳಗೆ ಒಂದು ಗಾಜಿನ ಗೋಲಿ, ಬಾಯಿಯ ಅಂಚಿನಲ್ಲಿ ರಬ್ಬರಿನ ಉಂಗುರ. ಬಾಟಲಿಯನ್ನು ತಲೆಕೆಳಗಾಗಿಸಿ ಒತ್ತಡದಲ್ಲಿ ಅನಿಲ ತುಂಬಿದ ನೀರು ಬಿಟ್ಟರೆ ಗೋಲಿ ಉಂಗುರಕ್ಕೆ ಬಂದು ಕೂರುತ್ತದೆ. ಒಳಗಿನ ಅನಿಲದ ಒತ್ತಡವೇ ಅದನ್ನು ಅಲ್ಲಿ ಹಿಡಿದಿಡುತ್ತದೆ. ಹೆಬ್ಬೆರಳಿನಿಂದಲೋ ಮರದ ಗುಂಡಿಯಿಂದಲೋ ಒತ್ತಿದರೆ ಕುಯ್ಯೆಂದು ಸದ್ದು ಮಾಡಿ ಕೆಳಗೆ ಬೀಳುತ್ತದೆ. ಇಂಗ್ಲೆಂಡಿನಲ್ಲಿ ಈ ಬಾಟಲಿ ಎಂದೋ ಮಾಯವಾಯಿತು. ಜಪಾನಿನಲ್ಲಿ ರಾಮುನೆ ಎಂಬ ಹೆಸರಿನಲ್ಲಿ, ನಮ್ಮಲ್ಲಿ ಗೋಲಿ ಸೋಡಾ ಆಗಿ ಬದುಕಿಕೊಂಡಿದೆ. ಸೋಡಾ ನೀರಿನ ಕತೆ ಇನ್ನೂ ಹಳೆಯದು. ಲೀಡ್ಸ್ ಪಟ್ಟಣದ ಬಿಯರ್ ಭಟ್ಟಿಯ ಪಕ್ಕದಲ್ಲಿದ್ದ ಪಾದ್ರಿ ಜೋಸೆಫ್ ಪ್ರೀಸ್ಟ್ಲಿ, ಹುದುಗುವ ತೊಟ್ಟಿಯ ಮೇಲೆ ತೇಲುವ ಅನಿಲಕ್ಕೆ ನೀರನ್ನು ಒಡ್ಡಿ 1767ರಲ್ಲಿ ಮೊದಲ ಬಾರಿ ಅದನ್ನು ಮಾಡಿ ನೋಡಿದ.

ಈ ಅನಿಲ ಇಂಗಾಲದ ಡೈಆಕ್ಸೈಡ್. ಅದರ ಸ್ವಭಾವ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ನೀರು ತಣ್ಣಗಿದ್ದಷ್ಟೂ ಅದು ಒಳಗೆ ಉಳಿಯುತ್ತದೆ. ಸಾಮಾನ್ಯ ಒತ್ತಡದಲ್ಲಿ ಸೊನ್ನೆ ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 3.3 ಗ್ರಾಂ ಕರಗಿದರೆ, 20 ಡಿಗ್ರಿಯಲ್ಲಿ 1.7 ಗ್ರಾಂ, 40 ಡಿಗ್ರಿಯಲ್ಲಿ ಒಂದು ಗ್ರಾಮಿಗೂ ಕಡಿಮೆ. ಕೊಪ್ಪಳದ ಏಪ್ರಿಲ್ ಮಧ್ಯಾಹ್ನ ಎಂದರೆ ಆ ಮೂರನೆಯ ಲೆಕ್ಕ. ಬಿಸಿಲಿಗೆ ಇಟ್ಟ ಸೋಡಾವನ್ನು ಬೆಚ್ಚಗಿನ ರಸಕ್ಕೆ ಸುರಿದರೆ ಗುಳ್ಳೆಯೆಲ್ಲ ಒಂದೇ ಏಟಿಗೆ ಗಾಳಿಗೆ ಹೋಗಿ, ಲೋಟದಲ್ಲಿ ಸಪ್ಪೆ ನೀರು ಉಳಿಯುತ್ತದೆ. ರಸ, ಸೋಡಾ, ಲೋಟ ಮೂರೂ ತಣ್ಣಗಿರಬೇಕು. ಎರಡನೆಯದು, ಅನಿಲಕ್ಕೆ ಹೊರಬರಲು ಒಂದು ಆಸರೆ ಬೇಕು: ಪುಡಿಯ ಕಣ, ಉಪ್ಪಿನ ಹರಳು, ಹಣ್ಣಿನ ನಾರು, ಏನಾದರೂ ಸರಿ. ನಿಂಬೆ ಸೋಡಾ ಅಂಗಡಿಯವನು ಉಪ್ಪು ಹಾಕಿದ ಕೂಡಲೇ ನೊರೆ ಉಕ್ಕಿ ಕೈಮೇಲೆ ಹರಿಯುವುದು ಇದೇ ಕಾರಣಕ್ಕೆ.

ಹಾಗಾಗಿ ಗಡಿಗೆಯ ಗಟ್ಟಿ ಬೇವಿಗೆ ನೇರವಾಗಿ ಸೋಡಾ ಸುರಿಯುವ ಸಾಹಸ ಬೇಡ. ಪುಟಾಣಿ ಹಿಟ್ಟಿನ ಒಂದೊಂದು ಕಣವೂ ಗುಳ್ಳೆಯನ್ನು ಎಬ್ಬಿಸಿ ಕಳಿಸುತ್ತದೆ. ಗಡಿಗೆ ಉಕ್ಕಿ ನೆಲ ಒದ್ದೆ, ಒಳಗೆ ಉಳಿದದ್ದು ಕೆಸರು. ತುಪ್ಪದಲ್ಲಿ ಹುರಿದ ಗೋಡಂಬಿಯೂ ಬೇಡ, ಜಿಡ್ಡು ತಾಗಿದ ನೊರೆ ಕ್ಷಣದಲ್ಲಿ ಕುಸಿಯುತ್ತದೆ. ಗಡಿಗೆಯ ಬೇವು ಗಡಿಗೆಯಲ್ಲೇ ಇರಲಿ. ಅದನ್ನು ಬದಲಿಸಬೇಕೆಂದು ನಾನು ಹೇಳುತ್ತಿಲ್ಲ, ಹೇಳಿದರೆ ಮನೆಯ ಹಿರಿಯರು ಸುಮ್ಮನಿರುವುದೂ ಇಲ್ಲ. ಅದೇ ಸಾಮಗ್ರಿಯಿಂದ ಹಿಟ್ಟು-ಕೊಬ್ಬರಿ ಬಿಟ್ಟು ಒಂದು ತಿಳಿ ಬೇವು ಮಾಡಿಕೊಂಡು, ಎರಡನೇ ಸುತ್ತಿಗೆ ಅದಕ್ಕೆ ಸೋಡಾ ಕೂಡಿಸಬೇಕು.

ಹತ್ತು ಲೋಟಕ್ಕೆ ಒಂದು ಕಿಲೋ ದಾಳಿಂಬೆ ಸಾಕು. ಹಣ್ಣಿನ ನೆತ್ತಿ ತೆಗೆದು, ಒಳಗಿನ ಬಿಳಿ ಗೋಡೆಗಳ ಗುಂಟ ಸಿಪ್ಪೆಯನ್ನು ಗೀರಿ ಬಿಡಿಸಿದರೆ ಕಾಳು ಹಾಳಾಗುವುದಿಲ್ಲ. ಹಳದಿ ಪೊರೆ ಒಂದಿಷ್ಟೂ ಉಳಿಯಬಾರದು, ಒಗರು ಅಲ್ಲಿರುತ್ತದೆ. ಒಂದು ಹಿಡಿ ಕಾಳನ್ನು ತೆಗೆದಿಟ್ಟು ಉಳಿದದ್ದನ್ನು ಮಿಕ್ಸಿಯಲ್ಲಿ ಎರಡು ಸಲ ಕ್ಷಣಮಾತ್ರ ತಿರುಗಿಸಿ ನಿಲ್ಲಿಸಿ. ಆಸೆಪಟ್ಟು ನುಣ್ಣಗೆ ರುಬ್ಬಿದರೆ ಬೀಜ ಒಡೆದು ರಸ ಕಹಿಯಾಗುತ್ತದೆ, ಬಣ್ಣವೂ ಮಂಕು. ತೆಳು ಬಟ್ಟೆಯಲ್ಲಿ ಹಿಂಡಿದರೆ ಕಡಿಮೆಯೆಂದರೂ 350 ಮಿಲಿ ರಸ ಸಿಗುತ್ತದೆ ಎಂದು ಲೆಕ್ಕ ಹಾಕಿ. ಕಾಲು ಕಿಲೋ ಕಪ್ಪು ದ್ರಾಕ್ಷಿಯನ್ನು ಉಪ್ಪು ನೀರಿನಲ್ಲಿ ಚೆನ್ನಾಗಿ ತೊಳೆದು, ಕಿವುಚಿ ಸೋಸಿ ಅದಕ್ಕೆ ಸೇರಿಸಿ.

ಭಗ್ವಾ ಹಣ್ಣಿನಲ್ಲಿ ಸಿಹಿ ಧಾರಾಳ, ಹುಳಿ ಕಡಿಮೆ. ಸೋಡಾ ಬೆರೆತ ಮೇಲೆ ಅದು ಇನ್ನೂ ಪೇಲವ ಅನಿಸುತ್ತದೆ. ಹುಳಿ ಕೊಡುವ ಕೆಲಸ ಹುಣಸೆ ಮತ್ತು ಮಾವಿನಕಾಯಿಯದು. ನಿಂಬೆ ಗಾತ್ರದ ಹೊಸ ಹುಣಸೆಯನ್ನು ನೆನೆಸಿ ತಿಳಿಯನ್ನು ಬಸಿದುಕೊಳ್ಳಿ. ಅರ್ಧ ಮಾವಿನಕಾಯಿಯನ್ನು ತುರಿದು ಹಿಂಡಿ, ಉಳಿದರ್ಧವನ್ನು ಸಾಸಿವೆಗಿಂತ ಸ್ವಲ್ಪ ದೊಡ್ಡದಾಗಿ ಕೊಚ್ಚಿ ಇಟ್ಟುಕೊಳ್ಳಿ. 120 ಗ್ರಾಂ ಬೆಲ್ಲವನ್ನು ಒಂದು ಲೋಟ ನೀರಿನಲ್ಲಿ ಕುದಿಸಿ, ಸೋಸಿ, ಪೂರ್ತಿ ಆರಿಸಿ. ಬೆಲ್ಲದ ಕಸ ಸೋಸದಿದ್ದರೆ ಮೇಲೆ ಹೇಳಿದ ಉಕ್ಕುವ ತಾಪತ್ರಯ ತಪ್ಪಿದ್ದಲ್ಲ. ಕುಟ್ಟಿದ ಏಲಕ್ಕಿ ಮತ್ತು ಚಿಟಿಕೆ ಉಪ್ಪು ಈ ಪಾಕದಲ್ಲೇ ಕರಗಲಿ. ಎಲ್ಲವನ್ನೂ ಕೂಡಿಸಿ ರುಚಿ ನೋಡಿದಾಗ ನಾಲಿಗೆಗೆ ಸ್ವಲ್ಪ ಹೆಚ್ಚೇ ಹುಳಿ, ಹೆಚ್ಚೇ ಸಿಹಿ ಅನಿಸಬೇಕು, ಸೋಡಾ ಅದನ್ನು ಹದಕ್ಕೆ ತರುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆ ಬಳಸಬೇಡಿ; ಹುಣಸೆ ಹುಳಿಗೆ ಲೋಹ ಬಿಡುತ್ತದೆ. ಸ್ಟೀಲು, ಗಾಜು ಅಥವಾ ಗಡಿಗೆಯೇ ಒಳ್ಳೆಯದು. ಬೆಳಗ್ಗೆ ಎದ್ದು ಮಾಡಿ ತಣ್ಣಗಿಟ್ಟರೆ ಬೀಗರು ಬರುವ ಹೊತ್ತಿಗೆ ಸರಿಯಾಗುತ್ತದೆ. ಮುಚ್ಚಳ ಬಿಗಿದ ಬಾಟಲಿಯಲ್ಲಿ ರಾತ್ರಿಯಿಡೀ ಹೊರಗಿಡಬಾರದು. ಬೆಲ್ಲ, ದ್ರಾಕ್ಷಿ, ಬೇಸಿಗೆ ಮೂರೂ ಸೇರಿದರೆ ಹುದುಗು ತಾನಾಗಿ ಶುರುವಾಗುತ್ತದೆ, ಗಾಜು ಸಿಡಿಯಬಹುದು.

ಕೊಡುವಾಗ ಲೋಟದ ತಳಕ್ಕೆ ದಾಳಿಂಬೆ ಕಾಳು, ಕೊಚ್ಚಿದ ಮಾವಿನಕಾಯಿ ಒಂದೊಂದು ಚಮಚ. ಅದರ ಮೇಲೆ ಲೋಟದ ಅರ್ಧಕ್ಕಿಂತ ಸ್ವಲ್ಪ ಕಡಿಮೆ ತಿಳಿ ಬೇವು. ಆಮೇಲೆ ಲೋಟವನ್ನು ವಾರೆಯಾಗಿ ಹಿಡಿದು ಗೋಡೆಯ ಗುಂಟ ಸೋಡಾವನ್ನು ನಿಧಾನ ಇಳಿಸಬೇಕು. ಚಮಚದಲ್ಲಿ ಗೊಟಗೊಟ ತಿರುಗಿಸಿದರೆ ಇಷ್ಟೊತ್ತು ಕಾಪಾಡಿದ ಗುಳ್ಳೆ ಹಾಳು; ಕೆಳಗಿನಿಂದ ಒಮ್ಮೆ ಎತ್ತಿದರೆ ಸಾಕು. ಕಾಳುಗಳಿಗೆ ಗುಳ್ಳೆ ಅಂಟಿಕೊಂಡು ಅವು ಮೇಲೆದ್ದು, ಗುಳ್ಳೆ ಒಡೆದಾಗ ಮತ್ತೆ ಮುಳುಗುತ್ತವೆ. ಮಕ್ಕಳಿಗೆ ಕುಡಿಯುವುದಕ್ಕಿಂತ ಇದನ್ನು ನೋಡುವುದೇ ದೊಡ್ಡ ಆಟ. ಕೊನೆಗೆ ಬರಿ ಬಾಣಲೆಯಲ್ಲಿ ಬೆಚ್ಚಗೆ ಮಾಡಿದ ನಾಲ್ಕೈದು ಬೇವಿನ ಹೂ ಮೇಲೆ ಉದುರಿಸಿ. ಗೋಲಿ ಸೋಡಾ ಸಿಗದಿದ್ದರೆ ಅಂಗಡಿಯ ಸಾದಾ ಸೋಡಾ ಆದೀತು. ಆದರೆ ಅಡುಗೆ ಸೋಡಾ ಹಾಕಿ ನೊರೆ ಬರಿಸುವ ಅಡ್ಡದಾರಿ ಹಿಡಿಯಬೇಡಿ. ಕ್ಷಾರ ತಾಗಿದರೆ ದಾಳಿಂಬೆಯ ಕೆಂಪು ಬೂದು-ನೀಲಿಗೆ ತಿರುಗುತ್ತದೆ, ಬಾಯಿಗೆ ಸಾಬೂನಿನ ರುಚಿ.

ಮಂಜುಗಡ್ಡೆಯ ಬಗ್ಗೆ ಒಂದು ಎಚ್ಚರ. ತಿನ್ನಲು ಅಲ್ಲದೆ, ಬೇಗ ಕೆಡುವ ಆಹಾರವನ್ನು ತಣ್ಣಗಿಡಲು ತಯಾರಿಸುವ ಗಡ್ಡೆಗೆ ನೀಲಿ ಬಣ್ಣ ಹಾಕಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ನಿಯಮ ಮಾಡಿದೆ. ಜಾತ್ರೆಯ ಗಾಡಿಯಲ್ಲಿ ಗಡ್ಡೆ ನೀಲಿ ಕಂಡರೆ ಅದು ಲೋಟಕ್ಕೆ ಹಾಕುವುದಲ್ಲ. ಮನೆಯಲ್ಲಾದರೆ ನೀರಿನ ಬದಲು ದ್ರಾಕ್ಷಿಯನ್ನೇ ಫ್ರೀಜರಿನಲ್ಲಿ ಗಡ್ಡೆ ಮಾಡಿ ಹಾಕಿದರೆ ಪಾನಕ ತೆಳುವಾಗುವುದಿಲ್ಲ. ಹಣ್ಣಿನದು ಎಂಬ ಕಾರಣಕ್ಕೆ ಈ ಪಾನಕ ಔಷಧಿಯೂ ಅಲ್ಲ. ಮೇಲಿನ ಅಳತೆಯಲ್ಲಿ ಒಂದು ಲೋಟಕ್ಕೆ ಹೆಚ್ಚುಕಡಿಮೆ 20 ಗ್ರಾಂ ಸಕ್ಕರೆ ಬೀಳುತ್ತದೆ, ಅಂಗಡಿಯ ಕೋಲಾದಲ್ಲೂ ಅಷ್ಟೇ ಇರುತ್ತದೆ. ಸಕ್ಕರೆ ಕಾಯಿಲೆಯ ಹಿರಿಯರಿಗೆ ಬೆಲ್ಲ ಬಿಟ್ಟು, ಮಾವಿನಕಾಯಿ-ಉಪ್ಪು-ಸೋಡಾಕ್ಕೆ ಹೆಸರಿಗಷ್ಟು ದಾಳಿಂಬೆ ಬೆರೆಸಿ ಬೇರೆಯಾಗಿ ಕೊಡಿ. ಅವರನ್ನು ಬರಿಗೈಯಲ್ಲಿ ಕೂರಿಸುವುದು ಹಬ್ಬಕ್ಕೆ ಸಲ್ಲದು.

2025ರಲ್ಲಿ ಉಗಾದಿ ಮಾರ್ಚ್ 30ಕ್ಕೆ ಬಂದಿತ್ತು, ರಂಜಾನ್ ಹಬ್ಬ ಮರುದಿನವೇ. ಒಂದು ದಿನ ಈ ಮನೆಯಿಂದ ಆ ಮನೆಗೆ ಬೇವು, ಮರುದಿನ ಆ ಮನೆಯಿಂದ ಈ ಮನೆಗೆ ಸುರಕುಂಬಾ ಎಂಬ ಶ್ಯಾವಿಗೆ ಪಾಯಸ. ಇಂಥ ಕೂಡುಹಬ್ಬಗಳಲ್ಲಿ ಎರಡೂ ಕಡೆಯ ಅತಿಥಿಗಳಿಗೆ ಸಲ್ಲುವ ಪಾನೀಯ ಈ ಸೋಡಾ ಬೇವು. ಮದ್ಯದ ಸೋಂಕಿಲ್ಲ, ಕೃತಕ ಬಣ್ಣವಿಲ್ಲ. ಉಗಾದಿ ಮುಗಿದ ಮೇಲೂ ಈ ಕ್ರಮವನ್ನು ಬಿಡಬೇಕಿಲ್ಲ. ಮೇ ತಿಂಗಳಲ್ಲಿ ಕೇಸರ್ ಮಾವಿನ ತಿರುಳನ್ನು ನೀರಾಗಿಸಿ ಸೋಸಿ, ಬಳ್ಳಾರಿ ಕಡೆಯ ನನ್ನಾರಿ ಶರಬತ್ತು ಒಂದು ಚಮಚ ಬೆರೆಸಿ ಸೋಡಾ ಇಳಿಸಿದರೆ ಅದರ ಸೊಗಸೇ ಬೇರೆ. ಜನವರಿಯಲ್ಲಿ ಗವಿಮಠದ ಜಾತ್ರೆಯ ಹೊತ್ತಿಗೆ ಪೇರಲ ಹಣ್ಣು ಇರುತ್ತದೆ. ಅದಕ್ಕೆ ಮೆಣಸಿನ ಪುಡಿ, ಕಪ್ಪುಪ್ಪು ಚೆನ್ನಾಗಿ ಹೊಂದುತ್ತದೆ. ಬಾಳೆಹಣ್ಣು ಮಾತ್ರ ಸೋಡಾಕ್ಕೆ ಆಗಿಬರುವುದಿಲ್ಲ, ಎಷ್ಟು ಸೋಸಿದರೂ ಲೋಳೆ ಹೋಗದು. ಸುಗಂಧಿ ಬಾಳೆಗೆ ಗಡಿಗೆಯ ಬೇವೇ ಜಾಗ.

ದಾಳಿಂಬೆ ಕೊಳ್ಳುವಾಗ ಸಿಪ್ಪೆಯ ಹೊಳಪಿಗೆ ಮರುಳಾಗಬೇಡಿ. ಕೈಗೆ ಭಾರ ಇರಬೇಕು, ದುಂಡಗಿನ ಹಣ್ಣಿನ ಮೈ ಅಲ್ಲಲ್ಲಿ ಒತ್ತಿಕೊಂಡು ಮೂಲೆ ಮೂಲೆಯಾಗಿರಬೇಕು. ಒಳಗೆ ಕಾಳು ತುಂಬಿದೆ ಎಂಬುದಕ್ಕೆ ಅದೇ ಗುರುತು. ರಸಕ್ಕಾದರೆ ಮೈಮೇಲೆ ಕಲೆ ಇದ್ದ, ಬಿಸಿಲಿಗೆ ಸುಟ್ಟ, ದಲ್ಲಾಳಿಗಳು ಎರಡನೇ ದರ್ಜೆ ಎಂದು ಪಕ್ಕಕ್ಕೆ ತಳ್ಳಿದ ಹಣ್ಣೂ ಆದೀತು, ಬಿರಿದು ಕೊಳೆತಿರಬಾರದು ಅಷ್ಟೆ. ಕುಷ್ಟಗಿ, ಯಲಬುರ್ಗಾ ರಸ್ತೆಯಲ್ಲಿ ಹಬ್ಬದ ಮುಂಚಿನ ವಾರ ಓಡಾಡುವವರು ಅಂಥ ಹಣ್ಣನ್ನು ತೋಟದವರಿಂದಲೇ ಕೇಳಿ ಕೊಳ್ಳಿ. ನಿಮಗೂ ಅಗ್ಗ, ಅವರಿಗೂ ನಾಲ್ಕು ಕಾಸು. ಇನ್ನೊಂದು ಮಾತು: ಬೇವಿನ ಹೂ ಬಿಟ್ಟು ಮಾಡಿದರೂ ಕುಡಿಯಲು ಚೆನ್ನಾಗಿಯೇ ಇರುತ್ತದೆ, ಆದರೆ ಆಗ ಅದು ದಾಳಿಂಬೆ ಸೋಡಾ. ಉಗಾದಿಯ ದಿನ ಅದನ್ನು ಬೇವು ಎಂದು ಕೊಡಬೇಡಿ.